ನಗಾರಿಗೆ ಬೀಳದ ಏಟು

ಚಿಕ್ಕನಿಗೆ ನಿನ್ನ ಅತ್ತಿಗೆಯ ಆಶೀರ್ವಾದ.

ಇವತ್ತು ನನ್ನ ವಾರದ ಉಪವಾಸ. ಎದ್ದು ಪ್ರಾರ್ಥನೆ ಮುಗಿಸಿ, ಹಾಲು ಕಾಯಿಸಿ, ನಿಮ್ಮಣ್ಣನಿಗೆ ತಿಂಡಿ ಮಾಡಿಕೊಟ್ಟು, ನಮ್ಮ ಪಾಲಿನ ಮೆಟ್ಟಿಲು ಗುಡಿಸಿ ಒರೆಸಿ, ಒಗೆದ ಬಟ್ಟೆಯನ್ನು ಬಾಲ್ಕನಿಯ ತಂತಿಗೆ ಹರವಿ ಬಂದು ಕುಳಿತಿದ್ದೇನೆ. ಸಂಜೆಯವರೆಗೆ ನನಗೆ ನೀರು ಬಿಟ್ಟರೆ ಬೇರೇನೂ ಇಲ್ಲ, ಹಾಗಾಗಿ ಬರೆಯಲು ಪುರುಸೊತ್ತಿದೆ. ಉಪವಾಸದ ದಿನ ನಾನು ಸುಳ್ಳು ಹೇಳುವುದಿಲ್ಲವೆಂದು ನಿನಗೆ ಗೊತ್ತು. ಬೇರೆ ದಿನವೂ ಹೇಳುವುದಿಲ್ಲ. ಆದರೆ ಬೇರೆ ದಿನ ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಇವತ್ತು ಅದೂ ಇಲ್ಲ.

ನಿನ್ನ ಕಾಗದವನ್ನು ಮೊನ್ನೆ ಹಾಳೆಯಮ್ಮ ತಂದುಕೊಟ್ಟರು. ಅದೇ, ನಿಮ್ಮಣ್ಣನ ವಾದ್ಯವೃಂದದಲ್ಲಿ ಎಲ್ಲರ ಮುಂದೆ ಸ್ವರದ ಹಾಳೆಗಳನ್ನು ಇಟ್ಟು, ಮುಗಿದ ಮೇಲೆ ಕಾಫಿ ಕಲೆ ಮಾಡಿದವರನ್ನೆಲ್ಲ ಬೈಯುತ್ತಾ ವಾಪಸು ಎತ್ತಿಡುವ ಹೆಂಗಸು. ಆ ಹೆಸರು ನಿಮ್ಮಣ್ಣನೇ ಇಟ್ಟದ್ದು. ಆಕೆ ಚೀಲದಿಂದ ಲಕೋಟೆ ತೆಗೆದು ನನ್ನ ಕೈಗೆ ಕೊಡುವಾಗ ನಿಮ್ಮಣ್ಣ ಅಲ್ಲೇ ಇದ್ದರು. ಮೇಲಿನ ಅಕ್ಷರ ಅವರ ಕಣ್ಣಿಗೆ ಬಿತ್ತು. ನಿನ್ನ ಅಕ್ಷರ ತಿದ್ದಿಸಿದವರೇ ಅವರು, ಗುರುತು ಹತ್ತದೆ ಇರುತ್ತದೆಯೆ? "ಟೀ ಮಾಡ್ತೀನಿ, ಕೂತ್ಕೊಳಿ" ಅಂತ ಅಡಿಗೆಮನೆಗೆ ಹೋದರು. ತಂದ ಟೀಗೆ ಸಕ್ಕರೆಯೇ ಇರಲಿಲ್ಲ. ಹಾಳೆಯಮ್ಮ ಒಂದು ಗುಟುಕು ಕುಡಿದು, "ಏನ್ ಸಾರ್, ನನಗೆ ಸಕ್ಕರೆ ಕಾಯಿಲೆ ಅಂತ ಯಾರು ಹೇಳಿದ್ರು ನಿಮಗೆ?" ಅಂದರು. ನಿಮ್ಮಣ್ಣ ಮೂಗಿನಲ್ಲೇ ನಕ್ಕರು. ಹೋಗುವಾಗ ಆಕೆ ನನ್ನ ಕಿವಿಯ ಹತ್ತಿರ ಬಗ್ಗಿ, "ಭಾನುವಾರ ಬರ್ತೀನಿ ಅಕ್ಕ, ಉತ್ತರ ಬರೆದಿಟ್ಟಿರಿ. ನಿಮ್ಮ ಮೈದುನ ಅಲ್ಲಿ ನಿದ್ದೆ ಇಲ್ದೆ ಒದ್ದಾಡ್ತಿದಾರೆ" ಅಂದರು.

ನೀನು ಕೇಳಿರುವುದು ಎರಡು ಮಾತು. ಮೊದಲನೆಯದು, "ಅಣ್ಣ ಬೇಕಂತಲೇ ಹೊಡೆಯಲಿಲ್ಲ ಅಲ್ಲವೆ?" ಎರಡನೆಯದು, ಬರುವ ತಿಂಗಳು ನಿನ್ನ 'ಎದುರುಬದುರು' ಕೃತಿಯನ್ನು ಮತ್ತೊಮ್ಮೆ ನುಡಿಸುವಾಗ ಆ ಕೊನೆಯ ಏಟನ್ನು ಬೇರೊಬ್ಬ ನಗಾರಿಯವನ ಕೈಗೆ ಕೊಡಲೋ, ಇಲ್ಲ ಪತ್ರಿಕೆಯವರಿಗೆ ಹಿಡಿಸಿದ ಹಾಗೆ ಏಟೇ ಇಲ್ಲದೆ ಬಿಟ್ಟುಬಿಡಲೋ ಎಂಬುದು. "ನೀವು ಹೇಳಿದ ಹಾಗೆ ಮಾಡ್ತೀನಿ ಅತ್ತಿಗೆ" ಅಂತ ಬರೆದು ಕೆಳಗೆ ಗೆರೆ ಎಳೆದಿದ್ದೀಯ. ಬರುವ ತಿಂಗಳಿನದು ನಿಮ್ಮಣ್ಣನ ಕೊನೆಯ ಸಂಗೀತ ಕಚೇರಿ. ಅದು ಮುಗಿದರೆ ಅವರಿಗೆ ನಿವೃತ್ತಿ. ನಿನಗೆ ಇದು ಗೊತ್ತಿದೆ. ಬೇರೆಯವನನ್ನು ನಿಲ್ಲಿಸಿದರೆ, ಜೀವಮಾನವೆಲ್ಲ ಆ ತಾಮ್ರದ ನಗಾರಿಗಳ ಹಿಂದೆ ನಿಂತ ಮನುಷ್ಯ, ತಮ್ಮ ಬರೆದ ಒಂದು ಏಟನ್ನು ಹೊಡೆಯದೆ ಬಿಟ್ಟವನು ಎಂಬ ಹೆಸರು ಹೊತ್ತು ಮನೆಗೆ ಬಂದು ಕೂರಬೇಕು.

ನಿನ್ನ ಕಾಗದ ಓದಿ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿ ನೋಡಿಕೊಂಡರೆ ಯಾರದೋ ಕೆನ್ನೆಯ ಹಾಗೆ, ಅಷ್ಟೆ. ಅತ್ತೆ ಹೋದಾಗಿನಿಂದ ಹೀಗೇ. ಮೊದಲೆಲ್ಲ ದೇವರ ಮುಂದೆ ಕೂತರೆ ಕಣ್ಣಲ್ಲಿ ನೀರಾಡುತ್ತಿತ್ತು. ಈಗ ಬಾಯಿ ಪ್ರಾರ್ಥನೆ ಹೇಳುತ್ತದೆ, ಕಣ್ಣು ಮೂಲೆಯ ಜೇಡರ ಬಲೆ ನೋಡುತ್ತದೆ, ಎದ್ದಮೇಲೆ ಪೊರಕೆ ತರಬೇಕು ಅಂದುಕೊಳ್ಳುತ್ತೇನೆ. ಆದರೂ ಬಿಟ್ಟಿಲ್ಲ. ಚಳಿಗೆ ಮರಗಟ್ಟಿದ ಕೈಯಲ್ಲೂ ಪಾತ್ರೆ ತೊಳೆಯುತ್ತೇವಲ್ಲ, ಹಾಗೆ ಹೇಳುತ್ತಲೇ ಇದ್ದೇನೆ.

ಮೊದಲನೆಯ ಮಾತಿಗೆ ಬರುತ್ತೇನೆ.

ನಿಮ್ಮಣ್ಣನ ಬಡಿಕೋಲುಗಳ ತಲೆಗೆ ಬಟ್ಟೆ ಹೊಲಿದುಕೊಡುವುದು ಈ ಮನೆಗೆ ಬಂದ ವರ್ಷದಿಂದ ನನ್ನ ಕೆಲಸ. ಗಟ್ಟಿ ದನಿ ಬೇಕಾದರೆ ತೆಳುವಾಗಿ, ಮೆತ್ತಗಿನ ದನಿ ಬೇಕಾದರೆ ದಪ್ಪವಾಗಿ, ಹೊಲಿಗೆ ಎಲ್ಲೂ ಏಟು ಬೀಳುವ ಜಾಗಕ್ಕೆ ಬರದ ಹಾಗೆ. ಉಳಿದ ಚೂರುಗಳನ್ನು ನೀನು ಆಯ್ದುಕೊಂಡು ಚಮಚದ ತಲೆಗೆ ಸುತ್ತಿ ಊಟದ ಮೇಜು ಬಡಿಯುತ್ತಿದ್ದೆ. "ಒಬ್ಬ ಬಡಿಯೋನು ಸಾಲದು ಅಂತ ಇನ್ನೊಬ್ಬ ಹುಟ್ಕೊಂಡ" ಅಂತ ಅತ್ತೆ ಗೊಣಗುತ್ತಿದ್ದರು. ಗೊಣಗುತ್ತಲೇ ನಿನ್ನ ತಟ್ಟೆಗೆ ಇನ್ನಷ್ಟು ಬಡಿಸುತ್ತಿದ್ದರು.

ನಿನ್ನ ಕೃತಿಯ ಹಾಳೆಗಳು ಬಂದ ದಿನ ನಿಮ್ಮಣ್ಣ ಅವನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಪುಟ ಮಗುಚಿದರೆ ಖಾಲಿ, ಮತ್ತೆ ಮಗುಚಿದರೆ ಖಾಲಿ. ಬರೀ ಸುಮ್ಮನಿದ್ದು ಎಣಿಸುವ ಗುರುತುಗಳು. ಕಟ್ಟಕಡೆಯ ಪುಟದ ಕೊನೆಯಲ್ಲಿ ಒಂದೇ ಒಂದು ಕಪ್ಪು ಬೊಟ್ಟು, ಅದರ ಮೇಲೆ ನಿನ್ನ ಕೈಬರಹದಲ್ಲಿ 'ಇಬ್ಬರೂ ಒಟ್ಟಿಗೆ ನಿಂತಾಗ' ಎಂದು.

"ಇಷ್ಟೇನಾ ರೀ? ಇಡೀ ಪುಸ್ತಕಕ್ಕೆ ಒಂದೇ ಏಟಾ?" ಅಂದೆ.

"ಒಂದೇ."

"ಹಾಗಾದ್ರೆ ಸುಲಭ ಬಿಡಿ. ಕೈ ನೋವು ಬರಲ್ಲ."

"ಒಂದೇ ಇದ್ರೆ ಕಷ್ಟ ಕಣೇ. ಎರಡಿದ್ರೆ ಒಂದು ತಪ್ಪಿದ್ದನ್ನ ಇನ್ನೊಂದರಲ್ಲಿ ಸರಿ ಮಾಡ್ಕೋಬೋದು" ಅಂದರು.

ಆ ಒಂದು ಏಟಿಗೆ ಹೊಸ ಜೊತೆ ಹೊಲಿಸಿದರು. ಹೊಲಿದುಕೊಟ್ಟೆ. ದಿಂಬಿನ ಮೇಲೆ ಒಂದು ಸಲ ಬಡಿದು ನೋಡಿ, "ಇದು ಜೋರಾಗಿ ಮಾತಾಡುತ್ತೆ" ಅಂತ ವಾಪಸು ಕೊಟ್ಟರು. ಬಿಚ್ಚಿ ಇನ್ನೊಂದು ಪದರ ಸೇರಿಸಿ ಹೊಲಿದೆ. "ಈಗ ಗೊಣಗುತ್ತೆ" ಅಂದರು. ನನಗೂ ರೇಗಿತು. "ಏನ್ರೀ, ಮನೆಗೆ ಸೊಸೆ ನೋಡೋ ಹಾಗೆ ನೋಡ್ತಿದೀರಲ್ಲ" ಅಂದೆ. ಆಗ ಅವರು ಎದ್ದುಹೋಗಿ ಬೀರುವಿನ ಕೆಳಗಿನ ಅರೆಯಿಂದ ಅತ್ತೆಯ ಹಳೆಯ ಉಣ್ಣೆ ಕೋಟು ತಂದರು. ಅದರ ಕಾಲರು ಒಗೆದು ಒಗೆದು ಮೆತ್ತಗೆ ಒತ್ತಾಗಿ ಬಿಟ್ಟಿತ್ತು. "ಇದರಿಂದ ಆಗುತ್ತಾ ನೋಡು" ಅಂದರು. ಕತ್ತರಿ ತಗೊಂಡು ಕತ್ತರಿಸಿದೆ, ಹೊಲಿದೆ. ದಿಂಬಿನ ಮೇಲೆ ಬಡಿದು "ಹ್ಞೂಂ" ಅಂದರು.

ಆಮೇಲೆ ದಿನಾ ಊಟವಾದ ಮೇಲೆ ಅಭ್ಯಾಸ. ಸ್ಟೂಲಿನ ಮೇಲೆ ಕಂಬಳಿ ಮಡಿಚಿಟ್ಟು ಅದರ ಹಿಂದೆ ನಿಲ್ಲುವುದು, ಕಣ್ಣು ಮುಚ್ಚಿ ಒಳಗೊಳಗೇ ಎಣಿಸುವುದು, ಕೈ ಎತ್ತುವುದು, ಕಾಯುವುದು, ಒಂದು ಏಟು. ಅಷ್ಟು ಮುಗಿಸಿ ಬಡಿಕೋಲು ಒರೆಸಿ ಬಟ್ಟೆಯಲ್ಲಿ ಸುತ್ತಿಡುವುದು. ಎದುರು ಮನೆಯ ದರ್ಜಿಯಮ್ಮ ಒಂದು ದಿನ ದಾರದ ಉಂಡೆ ಕೇಳಲು ಬಂದವರು ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದರು. "ಅಲ್ರೀ, ಕಂಬಳಿಗೆ ಒಂದೇಟು ಕೊಡೋಕೆ ನಿಮ್ಮೆಜಮಾನ್ರು ಇಷ್ಟು ಯೋಚನೆ ಮಾಡ್ತಾರಲ್ಲ! ನಾನಾಗಿದ್ರೆ ಇಷ್ಟೊತ್ತಿಗೆ ಓಣಿಯವರ ಕಂಬಳಿ ಎಲ್ಲಾ ಧೂಳು ಹೊಡೆದು ಮಡಚಿಡ್ತಿದ್ದೆ" ಅಂದರು. ನಿಮ್ಮಣ್ಣ ಕಣ್ಣು ಬಿಡದೆಯೇ, "ಎಣಿಕೆ ತಪ್ಪಿಸಿಬಿಟ್ರಲ್ಲ ತಾಯಿ" ಅಂತ ಮತ್ತೆ ಮೊದಲಿನಿಂದ ಶುರುಮಾಡಿದರು.

ನೀನು ಬರೆದ ಏಟು ಹೊಡೆಯಬಾರದು ಎಂದಿದ್ದವರು ಇಷ್ಟೆಲ್ಲ ಮಾಡುತ್ತಾರೆಯೇ, ನೀನೇ ಯೋಚನೆ ಮಾಡು.

ಕಚೇರಿಯ ದಿನ ನಾನು ದರ್ಜಿಯಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ನಿನ್ನ ಸಂಗೀತದ ಶಾಸ್ತ್ರ ನನಗೆ ತಿಳಿಯುವುದಿಲ್ಲ. ತಿಳಿದವಳ ಹಾಗೆ ಬರೆಯುವುದೂ ಇಲ್ಲ. ನನ್ನ ಕಿವಿಗೆ ಬಿದ್ದದ್ದು ಬರೆಯುತ್ತೇನೆ. ಬಾಗಿಲಲ್ಲಿ ಕೈಗೆ ಕೊಟ್ಟ ಕಾಗದದಲ್ಲಿ 'ಮನುಷ್ಯ ಮನುಷ್ಯರ ನಡುವಿನ ಸಂಘರ್ಷ' ಅಂತ ಅಚ್ಚಾಗಿತ್ತು. ದರ್ಜಿಯಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ಓದಿ, "ಅಂದ್ರೆ ಯುದ್ಧಾನಾ?" ಅಂದರು. "ಇರಬೇಕು" ಅಂದೆ.

ವೇದಿಕೆಯ ಮೇಲೆ ನುಡಿಸುವವರನ್ನು ಎರಡು ಪಾಲು ಮಾಡಿ ಎದುರುಬದುರು ಕೂರಿಸಿದ್ದೆ. ಎಡಗಡೆಯವರಿಗೆ ನರೆಗೂದಲಿನ ಒಬ್ಬ ಹೆಂಗಸು ಮುಂದೆ ನಿಂತು ತಾಳ ತೋರಿಸುತ್ತಾ ಕೋಲು ಆಡಿಸುವವರು, ಬಲಗಡೆಯವರಿಗೆ ಒಬ್ಬ ಎತ್ತರದ ಯುವಕ. ಇಕ್ಕಟ್ಟಾದ ಓಣಿಯಲ್ಲಿ ಎರಡು ಬಸ್ಸು ಮುಖಾಮುಖಿಯಾಗಿ ನಿಂತು, ಯಾರೂ ಹಿಂದಕ್ಕೆ ತೆಗೆಯದೆ ಇದ್ದಾಗ ಹೇಗಿರುತ್ತದೋ ಹಾಗಿತ್ತು. ಎರಡು ಪಾಲಿನ ನಡುವೆ, ಹಿಂದುಗಡೆ, ಯಾವ ಕಡೆಗೂ ಸೇರದೆ ನಿಮ್ಮಣ್ಣ ಕೈಕಟ್ಟಿ ನಿಂತಿದ್ದರು.

ಮೊದಲು ಎಡಗಡೆಯ ದೊಡ್ಡ ಪಿಟೀಲುಗಳು ಕೆಳದನಿಯಲ್ಲಿ ಏನೋ ಹೇಳಿದವು. ಸಣ್ಣ ಮಾತು. ಮತ್ತೆ ಅದನ್ನೇ ಹೇಳಿದವು. ಇನ್ನೊಂದು ಸಲ ಹೇಳುವಷ್ಟರಲ್ಲಿ ಬಲಗಡೆಯ ಕಹಳೆಗಳು ನಡುವೆ ಬಾಯಿ ಹಾಕಿದವು. ಇವರು ಮುಗಿಸುವವರೆಗೆ ಅವರು ಕಾಯುವುದಿಲ್ಲ, ಅವರ ಮಾತಿಗೆ ಇವರು ಉತ್ತರ ಕೊಡುವುದಿಲ್ಲ. ಅವರು ಏರಿಸಿದಷ್ಟೂ ಇವರು ಅದೇ ಕೆಳದನಿಯಲ್ಲಿ ಅದೇ ಮಾತು. ನನ್ನ ಕೈಯಲ್ಲಿದ್ದ ಕಾಗದ ಜಾರಿ ನೆಲಕ್ಕೆ ಬಿತ್ತು. ನನಗೆ ಗೊತ್ತಾಗಿಹೋಯಿತು, ಇದು ಯಾವ ದೇಶದ ಯುದ್ಧವೂ ಅಲ್ಲ. ಇದು ಆಸ್ಪತ್ರೆಯ ಆ ಉದ್ದನೆಯ ಪಡಸಾಲೆ.

ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಫ್ಲಾಸ್ಕ್ ಹಿಡಿದುಕೊಂಡು ನಿಂತಿದ್ದೆ. ನಿಮ್ಮಣ್ಣ ಗೋಡೆಗೆ ಒರಗಿ, "ಮನೆಗೆ ಕರ್ಕೊಂಡು ಹೋಗೋಣ ಕಣೋ" ಅಂದರು.

"ಆಪರೇಷನ್ ಮಾಡಿಸಿದ್ರೆ ಉಳೀತಾಳೆ. ಡಾಕ್ಟ್ರೇ ಹೇಳಿದಾರೆ" ಅಂದೆ ನೀನು.

"ಮನೆಗೆ ಕರ್ಕೊಂಡು ಹೋಗು ಅಂತ ಅಮ್ಮ ಹೇಳಿದಳು."

"ಅಮ್ಮನಿಗೆ ಈಗ ಎಚ್ಚರ ಎಲ್ಲಿದೆ, ಹೇಳೋಕೆ?"

"ನನ್ನ ಹತ್ರ ಹೇಳಿದಳು."

"ನಿನ್ನ ಹತ್ರ! ಯಾವಾಗ್ಲೂ ನಿನ್ನ ಹತ್ರಾನೇ ಹೇಳ್ತಾಳೆ! ನಾನೇನು ದಾರೀಲಿ ಸಿಕ್ಕಿದವನಾ?"

ಆಗ ನರ್ಸು ಹೊರಗೆ ಬಂದು, "ಇದು ಆಸ್ಪತ್ರೆ ರೀ, ನಿಮ್ಮನೆ ಹಜಾರ ಅಲ್ಲ" ಅಂದಳು. ನೀವಿಬ್ಬರೂ ಸುಮ್ಮನಾದಿರಿ. ಒಟ್ಟಿಗೆ ಅಲ್ಲ. ಮೊದಲು ಅವರು, ಆಮೇಲೆ ನೀನು. ಅತ್ತೆಯನ್ನು ಮನೆಗೆ ಕರೆದುಕೊಂಡು ಬಂದೆವು. ಅವರ ಮಂಚ, ಅವರ ಕಿಟಕಿ, ಕೆಲವು ದಿನ. ಅವರು ಹೋದ ಮೇಲೆ ನೀನು ಹೊಸ್ತಿಲಲ್ಲಿ ನಿಂತು ಅಣ್ಣನಿಗೆ "ನೀನೇ ಕೊಂದೆ" ಅಂದು ಮೆಟ್ಟಿಲಿಳಿದು ಹೋದೆ. ಅದೇ ನಿಮ್ಮಿಬ್ಬರ ಕಡೆಯ ಮಾತು. ಆಪರೇಷನ್ ಮಾಡಿಸಿದ್ದರೆ ಅತ್ತೆ ಉಳಿಯುತ್ತಿದ್ದರೋ ಇಲ್ಲವೋ, ನನ್ನನ್ನು ಕೇಳಬೇಡ. ನಾನು ದೇವರನ್ನು ಕೇಳಿದ್ದೇನೆ. ಹೇಳಿಲ್ಲ.

ನಿನ್ನ ಸಂಗೀತದಲ್ಲಿ ಇನ್ನೊಂದು ಇತ್ತು. ಆ ಗಲಾಟೆಯ ಅಡಿಯಲ್ಲಿ ಒಂದೇ ಒಂದು ಪಿಟೀಲು ಒಂದೇ ಸ್ವರವನ್ನು ಸಣ್ಣಗೆ ಎಳೆಯುತ್ತಿತ್ತು. ಎಡಗಡೆಯದೋ ಬಲಗಡೆಯದೋ ತಿಳಿಯದ ಹಾಗೆ. ಕಹಳೆಗಳು ಕೂಗುವಾಗ ಮುಚ್ಚಿಹೋಗುವುದು, ಅವು ಉಸಿರು ತೆಗೆದುಕೊಳ್ಳುವಾಗ ಮತ್ತೆ ಕೇಳುವುದು. ಆ ಅರ್ಧ ತೆರೆದ ಬಾಗಿಲಿನಿಂದ ಹಾಗೇ ಬರುತ್ತಿತ್ತು. ಆವತ್ತು ನೀನು ಅಷ್ಟು ಕೂಗಾಡುವಾಗ ಅತ್ತೆಯ ಉಸಿರು ನಿನ್ನ ಕಿವಿಗೆ ಬೀಳುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಬೀಳುತ್ತಿತ್ತು. ನೀನು ಕೂಗುತ್ತಲೇ ಕೇಳುತ್ತಲೂ ಇದ್ದೆ. ಇಷ್ಟು ತಿಳಿದಾಗಲಾದರೂ ನನಗೆ ಅಳು ಬರಬೇಕಿತ್ತು. ಮುಂದಿನ ಸಾಲಿನಲ್ಲಿದ್ದ ಕೊಳಲಿನವನ ಕೋಟಿನಲ್ಲಿ ಒಂದು ಗುಂಡಿ ಕಿತ್ತುಹೋಗಿದೆ, ಅದನ್ನು ಯಾರೂ ಹಾಕಿಕೊಟ್ಟಿಲ್ಲವಲ್ಲ ಅಂತ ನೋಡುತ್ತಾ ಕೂತಿದ್ದೆ. ದರ್ಜಿಯಮ್ಮ ನನ್ನ ಮೊಣಕೈ ತಿವಿದು, "ಇದು ಯುದ್ಧ ಅಲ್ಲ ಕಣ್ರೀ. ನಮ್ಮನೆಗೆ ನಾದಿನಿ ಬಂದಾಗ ದಿನಾ ಹೀಗೇ" ಅಂದರು.

ಈಗ ಆ ಏಟು. ಕೊನೆಯಲ್ಲಿ ಎರಡು ಕಡೆಯವರೂ ತಮ್ಮ ತಮ್ಮ ಒಂದು ಸಣ್ಣ ತುಣುಕನ್ನೇ ತಿರುಗಿ ತಿರುಗಿ ನುಡಿಸುತ್ತಾ, ದಣಿದವರ ಹಾಗೆ ನಿಧಾನವಾಗುತ್ತಾ ಬರಬೇಕು. ಕೋಲು ಆಡಿಸುವ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಒಂದೇ ಸಲಕ್ಕೆ ನಿಲ್ಲಿಸಬೇಕು. ಆಗ ನಗಾರಿಯ ಏಟು. ನೀನು ಬರೆದದ್ದು ಹಾಗೆ. ತಾಲೀಮಿನಲ್ಲೆಲ್ಲ ಅವರು ನೋಡಿಕೊಂಡರಂತೆ, ಒಟ್ಟಿಗೆ ನಿಂತರಂತೆ, ನಿಮ್ಮಣ್ಣ 'ಢುಂ' ಎನ್ನಿಸಿದರಂತೆ. ಕಡೆಯ ತಾಲೀಮಿಗೆ ನೀನೂ ಬಂದು ಹಿಂದಿನ ಸಾಲಿನಲ್ಲಿ ಕೂತು ಆ ಏಟು ಕೇಳಿಕೊಂಡು ಹೋದೆಯಂತೆ, ಮಾತಾಡಿಸದೆ.

ಕಚೇರಿಯ ದಿನ ಕೋಲು ಆಡಿಸುವ ಆ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ನಿಮ್ಮಣ್ಣ ಒಂದು ಹೆಜ್ಜೆ ಮುಂದೆ ಬಂದು ಬಡಿಕೋಲು ಎತ್ತಿದರು. ಆ ಹೆಂಗಸು ತನ್ನ ಕಡೆಯವರನ್ನು ನಿಲ್ಲಿಸಿ ನಿಮ್ಮಣ್ಣನಿಗೆ ತಲೆಯಾಡಿಸಿದರು. ಆದರೆ ಬಲಗಡೆಯ ಒಂದು ಕಹಳೆ ಇನ್ನೂ ಎಳೆಯುತ್ತಿತ್ತು. ನಿಮ್ಮಣ್ಣ ಹೊಡೆಯಲಿಲ್ಲ. ಆ ಹೆಂಗಸಿಗೆ ಗಾಬರಿಯಾಗಿರಬೇಕು, ತನ್ನ ಕಡೆಯವರಿಗೆ ಮತ್ತೆ ಕೈ ತೋರಿಸಿದರು. ದೊಡ್ಡ ಪಿಟೀಲುಗಳು ಮತ್ತೆ ಅದೇ ಮಾತು ಶುರುಮಾಡುವುದಕ್ಕೂ ಕಹಳೆ ನಿಲ್ಲುವುದಕ್ಕೂ ಸರಿಹೋಯಿತು. ಈಗ ಆ ಯುವಕ ತಲೆಯಾಡಿಸಿದ. ನಿಮ್ಮಣ್ಣ ಆಗಲೂ ಹೊಡೆಯಲಿಲ್ಲ. ಆಮೇಲೆ ಪಿಟೀಲುಗಳೂ ಒಂದೊಂದಾಗಿ ಸುಮ್ಮನಾದವು. ಆ ಒಂಟಿ ಸ್ವರವೂ ಮುಗಿಯಿತು. ಇಡೀ ಸಭಾಂಗಣದಲ್ಲಿ ಎತ್ತಿದ ಕೈ ಅವರೊಬ್ಬರದೇ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಬಡಿಕೋಲುಗಳನ್ನು ನಿಧಾನವಾಗಿ ಇಳಿಸಿ, ಸದ್ದಾಗದ ಹಾಗೆ ನಗಾರಿಯ ಚರ್ಮದ ಮೇಲೆ ಇಟ್ಟರು.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ನೀನು ಮೇಲೆ ಹೋಗಿ ತಲೆಬಾಗಿದೆ. ನಿನ್ನ ಮುಖ ಸುಣ್ಣದ ಹಾಗಿತ್ತು.

ವೇದಿಕೆಯ ಹಿಂದೆ ನಾನು ನಿಮ್ಮಣ್ಣನ ಕೋಟು ಹಿಡಿದು ನಿಂತಿದ್ದೆ, ಅವರು ಬಡಿಕೋಲು ಬಟ್ಟೆಯಲ್ಲಿ ಸುತ್ತುತ್ತಿದ್ದರು. ನೀನು ಹೂಗುಚ್ಛ ಹಿಡಿದುಕೊಂಡು ಜನರ ನಡುವೆ ಬಂದೆ. ನನಗೆ ಕಣ್ಣಲ್ಲೇ ನಮಸ್ಕಾರ ಮಾಡಿದೆ. ಆಮೇಲೆ ವಾದ್ಯವೃಂದದ ಮ್ಯಾನೇಜರಿಗೆ ಹೇಳಿದೆ, "ಒಂದೇ ಒಂದು ಏಟು ಕೊಟ್ಟಿದ್ದೆ ಸಾರ್ ಅವರಿಗೆ. ಅದನ್ನೂ ಹೊಡೀಲಿಲ್ಲ ನೋಡಿ." ಅಣ್ಣನಿಗೆ ಕೇಳಿಸಲಿ ಅಂತಲೇ ಹೇಳಿದೆ. ಕೇಳಿಸಿತು. ಅವರ ಕೈ ಒಂದು ಗಳಿಗೆ ನಿಂತು, ಮತ್ತೆ ಸುತ್ತುವುದಕ್ಕೆ ಶುರುಮಾಡಿತು. ಆ ಏಟು ನೀನು ಅವರಿಗೆಂದೇ ಬರೆದದ್ದು, ಬೇರೆ ಯಾರಿಗೂ ಅಲ್ಲ ಎಂದು ನನಗೆ ಆಗ ಖಾತ್ರಿಯಾಯಿತು. ಅವರಿಗೆ ಹಾಳೆ ತೆರೆದ ದಿನವೇ ತಿಳಿದಿತ್ತೆಂದು ಕಾಣುತ್ತದೆ.

ಮಾರನೆಯ ದಿನ ಪತ್ರಿಕೆಯಲ್ಲಿ, ಏಟು ಬೀಳದ ಆ ಮೌನದಲ್ಲಿ ಮನುಕುಲದ ದುರಂತವೇ ಅಡಗಿದೆ ಎಂದೆಲ್ಲ ಬರೆದಿದ್ದರು. ನಾನು ತಿಂಡಿಯ ಹೊತ್ತಿಗೆ ಗಟ್ಟಿಯಾಗಿ ಓದಿದೆ. "ಮನುಕುಲ ಇರಲಿ, ಆ ಬ್ರೆಡ್ಡು ಈಚೆ ಕೊಡು" ಅಂದರು ನಿಮ್ಮಣ್ಣ.

ಅದಾಗಿ ಕೆಲವು ದಿನ ಕಳೆದಿತ್ತು. ಒಂದು ಮಧ್ಯಾಹ್ನ ಇಬ್ಬರೂ ಕೂತು ಬಟಾಣಿ ಬಿಡಿಸುತ್ತಿದ್ದೆವು. ಅವರಾಗಿಯೇ ಬಾಯಿ ಬಿಟ್ಟರು.

"ಅವರು ಒಟ್ಟಿಗೆ ನಿಲ್ಲಲಿಲ್ಲ ಕಣೇ."

"ಇಬ್ಬರೂ ನಿಮಗೆ ಸನ್ನೆ ಮಾಡಿದರಲ್ಲ, ನಾನೇ ನೋಡಿದೆ" ಅಂದೆ.

"ಒಬ್ಬೊಬ್ಬರಾಗಿ ಮಾಡಿದ್ರು. ಅವನು ಬರೆದಿದ್ದು ಒಟ್ಟಿಗೆ ನಿಂತಾಗ ಅಂತ."

"ಸ್ವಲ್ಪ ಹೆಚ್ಚುಕಮ್ಮಿ ಆಯ್ತು, ಅಷ್ಟೆ. ಹೊಡೆದುಬಿಟ್ಟಿದ್ರೆ ಏನಾಗ್ತಿತ್ತು? ಅಷ್ಟು ಜನರಲ್ಲಿ ಯಾರಿಗೆ ಗೊತ್ತಾಗ್ತಿತ್ತು?"

ಅವರು ಕೈಯಲ್ಲಿದ್ದ ಸಿಪ್ಪೆಯನ್ನು ಬುಟ್ಟಿಗೆ ಹಾಕಿ, "ಅವನಿಗೆ ಗೊತ್ತಾಗ್ತಿತ್ತು" ಅಂದರು.

ನಾನು ಇನ್ನೊಂದು ಕಾಯಿ ಬಿಡಿಸಿದೆ. ಮತ್ತೆ ಅವರೇ ಹೇಳಿದರು, "ಒಟ್ಟಿಗೆ ನಿಂತೇ ಇಲ್ಲ, ನಿಂತ್ರು ಅಂತ ನಾನು ಢುಂ ಅನ್ನಿಸಿಬಿಟ್ರೆ ಅವನು ಏನಂದುಕೊಳ್ತಾನೆ? ಅಣ್ಣ ಕಾಟಾಚಾರಕ್ಕೆ ಹೊಡೆದ ಅಂದುಕೊಳ್ತಾನೆ."

"ಇದನ್ನ ಹೋಗಿ ಅವನಿಗೆ ಹೇಳಬಾರದಾ?"

"ಅವನು ಕೇಳಿದ್ರೆ ಹೇಳ್ತೀನಿ" ಅಂದರು. ಬಟ್ಟಲು ತುಂಬಿತ್ತು, ಎದ್ದು ಒಳಗೆ ತೆಗೆದುಕೊಂಡು ಹೋದರು.

ಇದು ನಿನ್ನ ಮೊದಲನೆಯ ಮಾತಿಗೆ ಉತ್ತರ. ಕೈ ತಪ್ಪಿತು, ಎಣಿಕೆ ಮರೆಯಿತು, ವಯಸ್ಸಾಯಿತು ಅಂತ ಬರೆದಿದ್ದರೆ ನಿಮ್ಮಿಬ್ಬರಿಗೂ ಸಲೀಸಾಗುತ್ತಿತ್ತು, ಹಾಳೆಯಮ್ಮನೂ ಅದನ್ನೇ ಬರೆಯಿರಿ ಎನ್ನುವ ಹಾಗೆ ನನ್ನ ಮುಖ ನೋಡಿದರು. ಕೈ ತಪ್ಪಲಿಲ್ಲ. ಅವರು ಬೇಕಂತಲೇ ಹೊಡೆಯಲಿಲ್ಲ. ನಿನ್ನ ಮೇಲಿನ ಸಿಟ್ಟಿಗೂ ಅಲ್ಲ. ನೀನು ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ನಂಬಿಬಿಟ್ಟರು. ಬೇರೆ ಯಾರಾದರೂ ಸನ್ನೆ ನೋಡಿ ಹೊಡೆದು ಮನೆಗೆ ಹೋಗುತ್ತಿದ್ದರು. ಅವರು ಹೀಗೆಯೇ ಎಂದು ನಿನಗೆ ನನಗಿಂತ ಮೊದಲೇ ಗೊತ್ತು. ನೀನು ಅವರ ಜೊತೆ ಹುಟ್ಟಿದವನು, ನಾನು ಆಮೇಲೆ ಬಂದವಳು. ಅಮ್ಮ ಒಂದು ಮಾತು ಹೇಳಿದರೂ ಹಾಗೇ ಮಾಡುತ್ತಾರೆ, ತಮ್ಮ ಒಂದು ಸಾಲು ಬರೆದರೂ ಹಾಗೇ ಮಾಡುತ್ತಾರೆ. ಅದು ಅವರ ಗುಣವೋ ದೋಷವೋ, ಇಷ್ಟು ವರ್ಷ ಒಟ್ಟಿಗೆ ಇದ್ದೂ ನಾನು ತೀರ್ಮಾನ ಮಾಡಿಲ್ಲ.

ಎರಡನೆಯ ಮಾತಿಗೂ ಉತ್ತರ ಇದೆ. ಆದರೆ ಈ ಕಾಗದದಲ್ಲಿ ಇಲ್ಲ.

ನೀವಿಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಮೂರನೆಯವರ ಮುಂದೆಯೇ ಹೇಳಿದ್ದೀರಿ. ನೀನು ಮ್ಯಾನೇಜರಿಗೆ ಹೇಳಿದೆ, ಅವರು ನನಗೆ ಹೇಳಿದರು, ಈಗ ನೀನು ಹಾಳೆಯಮ್ಮನ ಕೈಲಿ ನನಗೆ ಬರೆದೆ. ಅಣ್ಣನ ಹತ್ತಿರ ಒಂದು ಮಾತಾಡುವುದಕ್ಕೆ ಊರಿನ ವಾದ್ಯದವರನ್ನೆಲ್ಲ ಕೂರಿಸಿ, ದುಡ್ಡು ಕೊಟ್ಟು ಬಂದ ಜನರ ಮುಂದೆ ನುಡಿಸಿದೆ. ಚೆನ್ನಾಗಿಯೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಇನ್ನು ನಡುವೆ ನಿಲ್ಲಲು ನನ್ನಿಂದ ಆಗುವುದಿಲ್ಲ. ಬೇಸರದಿಂದ ಹೇಳುತ್ತಿಲ್ಲ. ಕಾಲಿಗೆ ಜೋಮು ಹಿಡಿದವಳು ಕಾಲು ಚಾಚುವ ಹಾಗೆ ಹೇಳುತ್ತಿದ್ದೇನೆ.

ನಿನ್ನ ನಿದ್ದೆಗಾಗಿ ಇವತ್ತು ಬೆಳಗ್ಗೆ ಪ್ರಾರ್ಥನೆ ಮಾಡಿದ್ದೇನೆ. ಮನಸ್ಸು ಕರಗಲಿಲ್ಲ, ಆದರೆ ಮಾತುಗಳನ್ನು ಒಂದೂ ಬಿಡದೆ ಹೇಳಿದ್ದೇನೆ. ದೇವರು ನಿನ್ನ ಕಿವಿಯನ್ನು ಕಾಪಾಡಲಿ, ನಿನ್ನ ಬೆನ್ನ ಹಿಂದೆ ನಿಂತಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಭಾನುವಾರ ಹಾಳೆಯಮ್ಮ ಬಂದು ಈ ಕಾಗದ ಒಯ್ಯುತ್ತಾರೆ. ಆ ಇನ್ನೊಂದು ಉತ್ತರವನ್ನು ಅವರ ಕೈಗೆ ಕೊಡುವುದಿಲ್ಲ, ಅದಕ್ಕೆ ನೀನೇ ಬರಬೇಕು. ಗುರುವಾರ ಸಂಜೆ ನಾನು ಪ್ರಾರ್ಥನಾ ಮಂದಿರಕ್ಕೆ ಹೋಗಿರುತ್ತೇನೆ, ದರ್ಜಿಯಮ್ಮನೂ ನನ್ನ ಜೊತೆ ಇರುತ್ತಾರೆ. ಮನೆಯಲ್ಲಿ ನಿಮ್ಮಣ್ಣ ಒಬ್ಬರೇ ಇರುತ್ತಾರೆ. ಉತ್ತರವನ್ನು ಅವರ ಹತ್ತಿರ ಕೊಟ್ಟು ಹೋಗುತ್ತೇನೆ. ಬಾಗಿಲು ತಟ್ಟಿ, ಕೇಳಿ, ಇಸಿದುಕೊಂಡು ಹೋಗು.

ಇಂತು,
ನಿನ್ನ ಅತ್ತಿಗೆ